ಕೂಸುಗಳ ಸಾವು ಮತ್ತು ಅದರ ಹಿಂದಿನ ಅಂತರ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಂದಿರ ಸಭೆ, ಆಶಾ ತರಬೇತಿ, ಪಂಚಾಯಿತಿ ಕಟ್ಟೆ, ಓದುಗರ ಪತ್ರ, ಹೀಗೆ ಬೇರೆ ಬೇರೆ ಕಡೆ ಕೇಳಿಬರುವ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು.

### ಮೊದಲು ಲೆಕ್ಕ

ಶಿಶು ಮರಣ ಪ್ರಮಾಣ 25 ಅಂದ್ರೆ ನೂರಕ್ಕೆ 25 ಮಕ್ಕಳು ಸಾಯ್ತಾರಾ?

ನೂರಕ್ಕಲ್ಲ, ಸಾವಿರಕ್ಕೆ. ಒಂದು ವರ್ಷದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1,000 ಕೂಸುಗಳಿಗೆ, ವರ್ಷ ತುಂಬುವ ಮೊದಲೇ ತೀರಿಕೊಂಡವು ಎಷ್ಟು ಎಂಬ ಲೆಕ್ಕ ಇದು. ತಾಲ್ಲೂಕಿನಲ್ಲಿ 4,000 ಕೂಸು ಹುಟ್ಟಿ 100 ಹೋದರೆ ಪ್ರಮಾಣ 25. ಇದರೊಳಗೆ ಮೊದಲ 28 ದಿನದ ಸಾವುಗಳಿಗೆ ನವಜಾತ ಶಿಶು ಮರಣ ಎಂಬ ಬೇರೆ ಹೆಸರಿದೆ. ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಕೂಸು ಈ ಲೆಕ್ಕಕ್ಕೆ ಸೇರುವುದಿಲ್ಲ.

ಭಾರತದ ಪ್ರಮಾಣ 1971ರಲ್ಲಿ 129 ಇತ್ತು, 2023ರಲ್ಲಿ 25ಕ್ಕೆ ಇಳಿದಿದೆ. ಇಳಿದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಅದೇ 2023ರಲ್ಲಿ ಕೇರಳದಲ್ಲಿ 5, ಮಧ್ಯಪ್ರದೇಶ, ಛತ್ತೀಸಗಡ, ಉತ್ತರ ಪ್ರದೇಶಗಳಲ್ಲಿ 37. ಸರಾಸರಿ ಎಂಬುದು ಎಷ್ಟನ್ನು ಮುಚ್ಚಿಡುತ್ತದೆ ನೋಡಿ.

ಒಂದು ಕಡೆ ಕರ್ನಾಟಕದ್ದು 19 ಅಂತ ಬರ್ದಿರ್ತಾರೆ, ಇನ್ನೊಂದು ಕಡೆ 25. ಯಾರು ಸುಳ್ಳು ಹೇಳ್ತಿರೋದು?

ಯಾರೂ ಇಲ್ಲ, ಅಳತೆಗೋಲು ಎರಡು. 19 ಎಂಬುದು ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್‌ನ 2020ರ ಅಂಕಿ. ಆಯ್ದ ಊರು, ವಾರ್ಡುಗಳಲ್ಲಿ ಅರೆಕಾಲಿಕ ಗಣತಿದಾರರು ಹುಟ್ಟು–ಸಾವನ್ನು ಆಗಿಂದಾಗ ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಆ ಪಟ್ಟಿ ನೋಡದೆ ತಾವೇ ಮನೆ ಮನೆ ತಿರುಗಿ ಬರೆಯುತ್ತಾರೆ. ಎರಡನ್ನೂ ತಾಳೆ ಹಾಕಿ, ಹೊಂದದಿದ್ದರೆ ಮತ್ತೆ ಆ ಮನೆಗೆ ಹೋಗುತ್ತಾರೆ.

25.4 ಎಂಬುದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. ಅಲ್ಲಿ ಹೆಂಗಸರನ್ನು ಕೂರಿಸಿಕೊಂಡು ಹಡೆದದ್ದು, ಕಳೆದುಕೊಂಡದ್ದು ಎಲ್ಲವನ್ನೂ ಕೇಳುತ್ತಾರೆ. ಸಿಗುವ ಪ್ರಮಾಣ ಹಿಂದಿನ ಐದು ವರ್ಷದ್ದು, ಹಾಗಾಗಿ ಸ್ವಲ್ಪ ಹಳೆಯದು. ಜಾತಿ, ಆಸ್ತಿ, ತಾಯಿಯ ಓದು ಇವುಗಳ ಪ್ರಕಾರ ಬಿಡಿಸಿ ನೋಡಬೇಕಾದರೆ ಮಾತ್ರ ಇದೇ ಬೇಕು. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ 'ಏರಿತು, ಇಳಿಯಿತು' ಎಂದು ಬರೆಯುವುದು ಮಾತ್ರ ತಪ್ಪು. ಪತ್ರಿಕೆಗಳಲ್ಲಿ ಈ ತಪ್ಪು ಆಗಾಗ ಕಾಣಿಸುತ್ತದೆ.

ಹುಟ್ಟಿದ ಕೂಸು ಸಾಯೋದು ಮುಖ್ಯವಾಗಿ ಯಾವುದರಿಂದ?

ದಿನದ ಪ್ರಕಾರ ನೋಡಿದರೆ ಬೇಗ ಅರ್ಥವಾಗುತ್ತದೆ. ಮೊದಲ ದಿನ ಹೆಚ್ಚು ಜೀವ ತೆಗೆಯುವುದು ಹೆರಿಗೆಯಲ್ಲಿ ಉಸಿರುಗಟ್ಟುವುದು ಮತ್ತು ತೀರಾ ಅವಧಿಗೆ ಮುಂಚೆ ಹುಟ್ಟುವುದು. ಎರಡನೇ ದಿನದಿಂದ ತಿಂಗಳವರೆಗೆ ನಂಜು, ಅಂದರೆ ರಕ್ತಕ್ಕೆ ಸೋಂಕು ಏರುವುದು. ಕಡಿಮೆ ತೂಕದ ಕೂಸಿಗೆ ಜೊತೆಗೆ ಚಳಿಯ ಅಪಾಯ ಬೇರೆ. ತಿಂಗಳು ದಾಟಿದ ಮೇಲೆ ನ್ಯುಮೋನಿಯಾ, ಭೇದಿ. ಹುಟ್ಟಿನಿಂದಲೇ ಬರುವ ಹೃದಯದ ತೊಂದರೆಯಂಥ ದೋಷಗಳು ಎಲ್ಲ ಹಂತದಲ್ಲೂ ಒಂದಿಷ್ಟು.

ದೇಶದಲ್ಲಿ ವರ್ಷದೊಳಗೆ ಸಾಯುವ ಹತ್ತು ಕೂಸುಗಳಲ್ಲಿ ಏಳು ಮೊದಲ 28 ದಿನದಲ್ಲೇ ಹೋಗುತ್ತವೆ. ಲಸಿಕೆ, ಓಆರ್‌ಎಸ್ ಬಂದ ಮೇಲೆ ದೊಡ್ಡ ಕೂಸುಗಳ ಸಾವು ಬೇಗ ಇಳಿಯಿತು. ಮೊದಲ ವಾರದ್ದು ಅಷ್ಟು ಬೇಗ ಇಳಿಯಲಿಲ್ಲ, ಏಕೆಂದರೆ ಅದರ ಬೇರು ತಾಯಿಯ ಬಸುರಿನಲ್ಲಿದೆ.

ಹೆಣ್ಣು ಕೂಸು ಗಟ್ಟಿ ಜೀವ ಅಂತ ನಮ್ಮಜ್ಜಿ ಹೇಳ್ತಿದ್ರು. ಹೌದಾ?

ಹೌದು, ಹುಟ್ಟಿನಿಂದ ಗಟ್ಟಿಯೇ. ಒಂದೇ ತೂಕದ, ಒಂದೇ ವಾರಕ್ಕೆ ಹುಟ್ಟಿದ ಎರಡು ಕೂಸುಗಳಲ್ಲಿ ಹೆಣ್ಣು ಬದುಕುವ ಸಂಭವ ಹೆಚ್ಚು. ಹಾಗಾಗಿ ಒಂದು ಊರಿನಲ್ಲಿ ತಿಂಗಳು ದಾಟಿದ ಹೆಣ್ಣು ಕೂಸುಗಳು ಗಂಡಿನಷ್ಟೇ ಸಾಯುತ್ತಿದ್ದರೆ 'ಸಮ ಇದೆಯಲ್ಲ' ಎಂದು ಸಮಾಧಾನಪಡಬೇಡಿ. ಜ್ವರ ಬಂದಾಗ ಮಗನನ್ನು ಅದೇ ದಿನ, ಮಗಳನ್ನು ಮೂರನೇ ದಿನ ಆಸ್ಪತ್ರೆಗೆ ಒಯ್ದರೂ ಲೆಕ್ಕ ಸಮವಾಗಿಯೇ ಬರುತ್ತದೆ.

### ಮನೆಯೊಳಗೆ

ನಮ್ಮ ಕೂಸು ಹುಟ್ಟಿದಾಗ 1 ಕೆಜಿ 900 ಗ್ರಾಂ ಇತ್ತು. ಮನಿಗೆ ಕಳಿಸ್ಯಾರ. ಏನ್ ನೋಡ್ಕೋಬೇಕ್ರಿ?

ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬೇಸಿಗೆಯಲ್ಲೂ ತಣ್ಣಗಾಗುತ್ತದೆ. ಅಂಗೈಯ ಹಿಂಬದಿಯಿಂದ ಮೊದಲು ಹೊಟ್ಟೆ, ಆಮೇಲೆ ಪಾದ ಮುಟ್ಟಿ ನೋಡಿ. ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ತಕ್ಷಣ ಎದೆಗೆ ಕಟ್ಟಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.

ಕಟ್ಟುವುದು ಹೀಗೆ: ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಮೊಲೆಗಳ ನಡುವೆ ಕೂಸನ್ನು ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಚಿ, ಚರ್ಮಕ್ಕೆ ಚರ್ಮ ತಾಗುವಂತೆ ಇಡಿ. ಮುಖ ಒಂದು ಪಕ್ಕಕ್ಕೆ ತಿರುಗಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚುತ್ತದೆ, ಕತ್ತು ತುಸು ಮೇಲಕ್ಕಿರಬೇಕು. ಹಳೆಯ ಮೆತ್ತನೆ ಸೀರೆಯಿಂದ ಕೂಸಿನ ಕಿವಿಯ ಕೆಳಭಾಗದವರೆಗೆ ಬಿಗಿಯಾಗಿ ಸುತ್ತಿ. ಒಮ್ಮೆ ಕಟ್ಟಿದರೆ ಕನಿಷ್ಠ ಒಂದು ಗಂಟೆ. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಿದ್ದರೆ ಒಳ್ಳೆಯದು, ಹೆಚ್ಚಾದಷ್ಟೂ ಲಾಭ. ಬಾಣಂತಿಗೆ ಬೆನ್ನು ನೋವು ಬಂದರೆ ಅಪ್ಪ, ಅಜ್ಜಿ ಯಾರಾದರೂ ಕಟ್ಟಿಕೊಳ್ಳಬಹುದು. ಇದು ಬಡವರ ಪರ್ಯಾಯ ಎಂದು ಮೂಗು ಮುರಿಯುವವರಿದ್ದಾರೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. 1ರಿಂದ 1.8 ಕೆಜಿಯೊಳಗಿನ ಕೂಸುಗಳು ಚೇತರಿಸಿಕೊಳ್ಳಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ ತಿಂಗಳೊಳಗಿನ ಸಾವು ಶೇ 15.7ರ ಬದಲು ಶೇ 12 ಆಯಿತು.

ಹಾಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ. ಚೀಪಲು ಶಕ್ತಿ ಇಲ್ಲದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ ಕೊಡಿ. ಎಡವಟ್ಟಾಗುವುದು ಇಲ್ಲೇ: ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮೊದಲ ವಾರ ತೂಕ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಎರಡು ವಾರಕ್ಕೆ ಹುಟ್ಟಿದ ತೂಕ ಮರಳಿ ಬರಬೇಕು, ಆಮೇಲೆ ದಿನಕ್ಕೆ 20–30 ಗ್ರಾಂ ಏರಬೇಕು. ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ.

ಬೆಳಗಾಗಲಿ ಅಂತ ಕಾಯೋದು ಬೇಡ ಅನ್ನೋ ಲಕ್ಷಣ ಯಾವ್ಯಾವು?

ಹಾಲು ಕುಡಿಯುತ್ತಿದ್ದ ಕೂಸು ಕುಡಿಯುವುದನ್ನು ಬಿಡುವುದು ಮೊದಲನೆಯದು. ಅಳುವುದು ನಿಂತರೆ 'ಪಾಪ, ಸುಸ್ತಾಗಿ ಮಲಗಿದೆ' ಎನ್ನುವ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಪಾದ ತಟ್ಟಿದರೆ ಮಾತ್ರ ಅಲುಗಾಡುತ್ತದೆ ಎಂದಾದರೆ ಅದು ನಿದ್ದೆಯಲ್ಲ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಹೊರಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಫಿಟ್ಸ್, ಕಂಕುಳ ತಾಪ 37.5 ಡಿಗ್ರಿ ದಾಟುವುದು ಅಥವಾ 35.5ಕ್ಕಿಂತ ಇಳಿಯುವುದು, ಅಂಗೈ ಅಂಗಾಲಿನವರೆಗೆ ಹಳದಿ, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು, ಇವೆಲ್ಲ ಅದೇ ಪಟ್ಟಿಗೆ ಸೇರುತ್ತವೆ. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಕೂಸು ಎದೆಗೆ ಕಟ್ಟಿಕೊಂಡೇ ಇರಲಿ, ಎದೆಹಾಲು ಕುಡಿಯುವಂತಿದ್ದರೆ ಕುಡಿಸಿ. ವರ್ಷದೊಳಗಿನ ಕಾಯಿಲೆ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ಹೊರಗಿನಿಂದ ಔಷಧ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ಯೋಜನೆಯ ಹೆಸರು ಹೇಳಿ ಕೇಳಿ.

ಬಜೆ, ಜೇನುತುಪ್ಪ, ಕತ್ತೆ ಹಾಲು, ಬರೆ: ನಮ್ಮನ್ನೆಲ್ಲ ಹಾಗೇ ಬೆಳೆಸಿದ್ದು, ಏನಾಯ್ತು?

ಬದುಕಿ ಉಳಿದವರಷ್ಟೇ ಈ ಪ್ರಶ್ನೆ ಕೇಳಬಲ್ಲರು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಬೇಡ. ಬಜೆ ಮಣಿಯನ್ನು ಕೈಗೆ ಕಟ್ಟಿದರೆ ನಷ್ಟವಿಲ್ಲ. ಅದನ್ನು ತೇದು ನೆಕ್ಕಿಸಿದರೆ ತೇಯುವ ಕಲ್ಲಿನ, ನೀರಿನ ಕೊಳೆ ಹೊಟ್ಟೆಗೆ ಹೋಗುತ್ತದೆ. ಜೇನಿನಲ್ಲಿರಬಹುದಾದ ಬೊಟುಲಿನಮ್ ಬೀಜಕಣ ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸೋಲಿಸಬಲ್ಲದು. ಬೀದಿಯಲ್ಲಿ ಮಾರುವ ಕತ್ತೆ ಹಾಲು ಕಾಯಿಸದ ಹಸಿ ಹಾಲು. ಮೂಗು ಹಿಡಿದು ಹರಳೆಣ್ಣೆ ಕುಡಿಸುವುದು, ಮೂಗಿಗೆ ಎಣ್ಣೆ ಬಿಡುವುದು ನ್ಯುಮೋನಿಯಾಕ್ಕೆ ನೇರ ದಾರಿ. ಬರೆ ಹಾಕುವುದಂತೂ ಸುಟ್ಟ ಗಾಯ: ಕಾಯಿಲೆ ಇದ್ದಲ್ಲೇ ಇರುತ್ತದೆ, ನಂಜಿಗೆ ಹೊಸ ಬಾಗಿಲು ತೆರೆಯುತ್ತದೆ, ಆಸ್ಪತ್ರೆಗೆ ಹೋಗುವುದೂ ಎರಡು ದಿನ ತಡವಾಗುತ್ತದೆ.

ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಇವೆಲ್ಲಕ್ಕಿಂತ ದುಬಾರಿ. ಹಸು ಕರು ಹಾಕಿದರೆ ಗಿಣ್ಣಕ್ಕಾಗಿ ಮನೆಯವರೆಲ್ಲ ಕಾದು ಕೂರುತ್ತೇವೆ, ನಮ್ಮ ಕೂಸಿನ ಪಾಲಿನದನ್ನು ಚೆಲ್ಲುತ್ತೇವೆ. ಎಣ್ಣೆ ಸ್ನಾನಕ್ಕೆ ಅವಸರವಿಲ್ಲ, ಮೊದಲ 24 ಗಂಟೆ ನೀರು ಸೋಕಿಸಬೇಡಿ. ಕಡಿಮೆ ತೂಕದ್ದಾದರೆ ಇನ್ನೂ ಕಾಯಿರಿ, ಅಲ್ಲಿಯವರೆಗೆ ಒರೆಸಿದರೆ ಸಾಕು.

ಸೋದರಮಾವನ ಜೊತೆ ಮದುವೆ ಆಗಿದೆ. ಮಗುವಿಗೆ ತೊಂದರೆ ಆಗೇ ಆಗುತ್ತಾ?

ಆಗೇ ಆಗುತ್ತದೆ ಎಂದೇನಿಲ್ಲ, ಸಂಭವ ಹೆಚ್ಚು. ಯಾವುದೇ ದಂಪತಿಗೆ ಜನ್ಮದೋಷದ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು ಇದ್ದರೆ, ಅತ್ತೆ–ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಸುಮಾರು ಎರಡರಷ್ಟು. ಸೋದರಮಾವ ಇನ್ನೂ ಹತ್ತಿರದ ರಕ್ತ. 18ರಿಂದ 20 ವಾರದೊಳಗೆ ಸ್ಕ್ಯಾನಿಂಗ್ ತಪ್ಪಿಸಬೇಡಿ. ವಂಶದಲ್ಲಿ ಕೂಸುಗಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

### ಅಂತರ

ಈಗ ಎಲ್ರೂ ಆಸ್ಪತ್ರೆಯಲ್ಲೇ ಹೆರ್ತಾರೆ. ಮತ್ತೆ ಸಾವು ಯಾಕೆ ನಿಂತಿಲ್ಲ?

ಕರ್ನಾಟಕದಲ್ಲಿ ಶೇ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. 'ಜನ ಆಸ್ಪತ್ರೆಗೆ ಬರಲ್ಲ' ಎಂಬ ಹಳೆಯ ದೂರು ಇನ್ನು ನಡೆಯುವುದಿಲ್ಲ. ಬಂದ ಮೇಲೆ ಏನಾಗುತ್ತದೆ, ಬರುವ ಮೊದಲು ಏನಾಗಿತ್ತು, ಮನೆಗೆ ಹೋದ ಮೇಲೆ ಏನಾಯಿತು ಎಂದು ಕೇಳಬೇಕು.

ಉಸಿರಾಡದ ಕೂಸಿಗೆ ಬ್ಯಾಗ್, ಮಾಸ್ಕ್ ಹಿಡಿದು ಗಾಳಿ ಕೊಡಲು ಸಿಗುವುದು ಒಂದೇ ನಿಮಿಷ. ಬ್ಯಾಗ್ ಬೀರುವಿನಲ್ಲಿದ್ದು ಬೀಗದ ಕೈ ಹೆಡ್ ನರ್ಸ್ ಹತ್ತಿರ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. 34 ವಾರಕ್ಕೆ ಮೊದಲೇ ನೋವು ಬಂದ ಬಸುರಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು 6 ಮಿಲಿಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಸಲ ಕೊಟ್ಟರೆ ಕೂಸಿನ ಶ್ವಾಸಕೋಶ ಬಲಿಯುತ್ತದೆ. ಮೊದಲ ಡೋಸ್ ಕೊಡದೆಯೇ 'ಜಿಲ್ಲಾಸ್ಪತ್ರೆಗೆ ಹೋಗಿ' ಎಂದು ಕಳಿಸಿದರೆ ಆ ಅವಕಾಶ ದಾರಿಯಲ್ಲೇ ಹೋಗುತ್ತದೆ.

ಇನ್ನು ಹೆರಿಗೆಗೆ ಮೊದಲು. ರಾಜ್ಯದಲ್ಲಿ 20–24 ವಯಸ್ಸಿನ ಹೆಂಗಸರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಸುರಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಕಬ್ಬಿಣದ ಮಾತ್ರೆ 180 ಕೊಟ್ಟಿದ್ದೇವೆ ಎಂದು ಕಾರ್ಡಿನಲ್ಲಿ ಬರೆದಿರುತ್ತದೆ. ಹೊಟ್ಟೆ ಕಟ್ಟುತ್ತದೆ, ಕಪ್ಪಗೆ ಭೇದಿಯಾಗುತ್ತದೆ ಎಂದು ಅರ್ಧಕ್ಕೆ ಬಿಟ್ಟದ್ದು, ಕ್ಯಾಲ್ಸಿಯಂ ಜೊತೆಗೋ ಚಹಾ ಜೊತೆಗೋ ನುಂಗಿ ವ್ಯರ್ಥವಾದದ್ದು ಯಾವ ಕಾರ್ಡಿನಲ್ಲೂ ಇರುವುದಿಲ್ಲ.

ಮನೆಗೆ ಹೋದ ಮೇಲೆ ಆಶಾ 3, 7, 14, 21, 28, 42ನೇ ದಿನ ಬರಬೇಕು. ಈ ಪದ್ಧತಿಗೆ ದಾರಿ ತೋರಿಸಿದವರು ಮಹಾರಾಷ್ಟ್ರದ ಗಡ್ಚಿರೋಲಿಯ ವೈದ್ಯ ದಂಪತಿ ಅಭಯ್ ಬಂಗ್, ರಾಣಿ ಬಂಗ್. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶು ಮರಣವನ್ನು ಶೇ 62ರಷ್ಟು ಇಳಿಸಬಹುದೆಂದು 1999ರಲ್ಲಿ ತೋರಿಸಿದರು. ಆದರೆ ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡ್ ಗಂಡನ ಊರಿನದು, ಬಾಣಂತಿ ಇರುವುದು ಅಮ್ಮನ ಊರಿನಲ್ಲಿ. ಇಲ್ಲಿನ ಆಶಾಗೆ ಆಕೆ ಪಟ್ಟಿಯಲ್ಲಿಲ್ಲ, ಅಲ್ಲಿನ ಆಶಾಗೆ ಆಕೆ ಊರಲ್ಲಿಲ್ಲ. ಸೀಮಂತ ಮುಗಿಸಿ ತವರಿಗೆ ಹೊರಡುವ ದಿನವೇ ಆ ಊರಿನ ಆಶಾಗೆ ಫೋನ್ ಮಾಡಿ ಹೆಸರು ಬರೆಸಿದರೆ ಈ ತೂತು ಮುಚ್ಚುತ್ತದೆ. ಖರ್ಚಿಲ್ಲದ ಕೆಲಸ.

ಉಡುಪಿ, ಮಂಗಳೂರಿಗೂ ಯಾದಗಿರಿ, ರಾಯಚೂರಿಗೂ ಕೂಸುಗಳ ಸಾವಿನಲ್ಲಿ ಇಷ್ಟು ಅಂತರ ಯಾಕೆ? ಒಂದೇ ಸರ್ಕಾರ ತಾನೆ?

ಸರ್ಕಾರ ಒಂದಾದದ್ದು 1956ರಲ್ಲಿ. ಉಡುಪಿ, ಮಂಗಳೂರಿನ ಕರಾವಳಿ ಮದ್ರಾಸ್ ರಾಜ್ಯದಿಂದ ಬಂತು, ಶಾಲೆ, ಮಿಷನ್ ಆಸ್ಪತ್ರೆಗಳನ್ನು ಹೊತ್ತು ತಂದಿತು. ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲೇ ಶುರುವಾಗಿತ್ತು. ನಿಜಾಮರ ಆಡಳಿತದಲ್ಲಿದ್ದ ಜಿಲ್ಲೆಗಳು ಬರಿಗೈಯಲ್ಲಿ ಬಂದವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಂಗಸರ ಸಾಕ್ಷರತೆ ಶೇ 84, ಯಾದಗಿರಿಯದು ಶೇ 41. ಪ್ರಾದೇಶಿಕ ಅಸಮತೋಲನದ ಬಗ್ಗೆ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು, ಅದರಲ್ಲಿ 21 ಗುಲಬರ್ಗಾ ವಿಭಾಗದವು.

ಓದು ಕೂಸನ್ನು ಹೇಗೆ ಉಳಿಸುತ್ತದೆ? ಹತ್ತನೇ ತರಗತಿಯವರೆಗೆ ಶಾಲೆಗೆ ಹೋದ ಹುಡುಗಿಯ ಮದುವೆ ತಾನಾಗಿ ಕೆಲವು ವರ್ಷ ಮುಂದೆ ಹೋಗುತ್ತದೆ. ಆಕೆ ಚೀಟಿ ಓದುತ್ತಾಳೆ. ಅತ್ತೆ ಬೇಡವೆಂದರೂ ಬಸ್ಸು ಹತ್ತುವ ಧೈರ್ಯ ಇರುತ್ತದೆ, ಹತ್ತಲು ಬಸ್ಸೂ ಇರಬೇಕು ಅನ್ನಿ. ಹಿಂದೆ ನಿಜಾಮರ ಆಡಳಿತದಲ್ಲಿದ್ದ ಈ ಜಿಲ್ಲೆಗಳಿಗೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಟ್ಟಡಗಳೇನೋ ಎದ್ದವು. ಆ ಕಟ್ಟಡಗಳಲ್ಲಿ ಮಕ್ಕಳ ತಜ್ಞರು, ನುರಿತ ನರ್ಸ್‌ಗಳು ನಿಲ್ಲುವುದೇ ಕಷ್ಟದ ಭಾಗ.

ಬಡತನ ಅಂದ್ರೆ ಸಾಕಲ್ವಾ? ಜಾತಿ ಯಾಕೆ ಮಧ್ಯ ತರ್ತೀರಿ?

ಅಂಕಿಗಳೇ ತರುತ್ತವೆ. 2019–21ರ ಸಮೀಕ್ಷೆಯಲ್ಲಿ ದೇಶದ ಶಿಶು ಮರಣ ಪ್ರಮಾಣ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎರಡರಲ್ಲೂ 40ರ ಮೇಲೆ. 'ಇತರೆ' ಎಂಬ ಕಾಲಮ್ಮಿನಲ್ಲಿ 30ರ ಆಸುಪಾಸು. ಇದರಲ್ಲಿ ದೊಡ್ಡ ಪಾಲು ಬಡತನ, ಓದಿನ ಕೊರತೆಯದೇ. ಆದರೆ ಭೂಮಿ ಯಾರ ಕೈಯಲ್ಲಿದೆ, ಕೇರಿ ಊರಿನ ಯಾವ ಮೂಲೆಯಲ್ಲಿದೆ, ಚರಂಡಿ ಎಲ್ಲಿಗೆ ನಿಂತಿದೆ, ನಲ್ಲಿ ಎಲ್ಲಿಗೆ ಬಂದಿದೆ ಎಂಬುದನ್ನು ತೀರ್ಮಾನಿಸಿದ್ದೇ ಜಾತಿ. ಬಡತನ ಬೇರೆ, ಜಾತಿ ಬೇರೆ ಎಂದು ಗೆರೆ ಎಳೆಯುವುದು ಕಾಗದದ ಮೇಲೆ ಸುಲಭ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅಂಗನವಾಡಿ ಊರೊಳಗಿದ್ದು, ಆಕೆ ಒಂದೂವರೆ ಕಿಲೋಮೀಟರ್ ಆಚೆಯ ತಾಂಡಾದವಳು ಎಂದುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಹೋಗಬೇಕಾದರೆ ಅರ್ಧ ದಿನದ ಕೂಲಿ ಬಿಡಬೇಕು. ಹೋದರೆ ತಟ್ಟೆ ಎಲ್ಲಿ ಇಡಬೇಕು ಎಂಬ ಕಣ್ಸನ್ನೆ ಬೇರೆ. ಆಕೆ ಮೂರು ದಿನ ಹೋಗಿ ಬಿಡುತ್ತಾಳೆ. ದಾಖಲೆಯಲ್ಲಿ 'ಫಲಾನುಭವಿಗೆ ಆಸಕ್ತಿ ಇಲ್ಲ' ಎಂದಾಗುತ್ತದೆ.

ಗುಳೆ ಹೋದವರ ಕೂಸುಗಳ ಗತಿ ಏನು?

ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವಾ, ಹೈದರಾಬಾದ್ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೊರಡುವ ಕುಟುಂಬಗಳಲ್ಲಿ ಬಸುರಿಯರೂ ಇರುತ್ತಾರೆ. ತಗಡಿನ ಶೆಡ್ ಹಗಲು ಕಾದ ಹೆಂಚು, ರಾತ್ರಿ ಐಸು. ನಗರದ ಸರಾಸರಿ ಚೆನ್ನಾಗಿ ಕಾಣುವುದರಿಂದ ಶೆಡ್ಡಿನ ಕೂಸು ಆ ಸರಾಸರಿಯೊಳಗೆ ಕರಗಿಹೋಗುತ್ತದೆ. ಕೈಗೆ ನಿಲುಕುವ ಕೆಲಸ ಇಷ್ಟು: ತಾಯಿ ಕಾರ್ಡಿನ ಎಲ್ಲ ಪುಟದ ಫೋಟೊ ಫೋನಿನಲ್ಲಿರಲಿ, ಒಂದು ಪ್ರತಿ ಊರಲ್ಲಿರಲಿ. ಕಾರ್ಡ್ ಎಲ್ಲಿನದಾದರೂ ಲಸಿಕೆ, ತಪಾಸಣೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಸಿಗಬೇಕು. ಎರಡು ತಿಂಗಳಿಗೆ ಆಗುವಷ್ಟು ಕಬ್ಬಿಣದ ಮಾತ್ರೆ ಹೊರಡುವ ಮುನ್ನವೇ ಇಸಿದುಕೊಳ್ಳಿ. ಮೇಸ್ತ್ರಿಯ ಫೋನ್ ನಂಬರ್ ಆಶಾ ಹತ್ತಿರ ಇರಲಿ.

ಬಾಣಂತಿಯನ್ನ ಊರಾಚೆ ಗುಡಿಸಲಲ್ಲಿ ಇಡೋದು ಇನ್ನೂ ಇದೆಯಾ?

ಕೆಲವು ಗೊಲ್ಲರಹಟ್ಟಿಗಳಲ್ಲಿ, ಅಂದರೆ ಗೊಲ್ಲ ಸಮುದಾಯದ ಹಟ್ಟಿಗಳಲ್ಲಿ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿ, ಮಳೆ–ಚಳಿಯಲ್ಲಿ ಕೂಸೊಂದು ತೀರಿಕೊಂಡ ಮೇಲೆ ರಾಜ್ಯವೆಲ್ಲ ಮಾತಾಡಿತು. ಗುಡಿಸಲು ಕಿತ್ತರೆ ಸುದ್ದಿಯಾಗುತ್ತದೆ, ಮುಂದಿನ ಬಾಣಂತಿಗೆ ಇನ್ನೊಂದು ಏಳುತ್ತದೆ. ಹಟ್ಟಿಯ ಪೂಜಾರಿ, ಯಜಮಾನರ ಜೊತೆ ಕೂತು ಮಾತಾಡುವುದು, ತೂಕ ಕಡಿಮೆ ಇರುವ ಕೂಸು ಮತ್ತು ತಾಯಿಯನ್ನು ಆಸ್ಪತ್ರೆಯಲ್ಲೇ ಹೆಚ್ಚು ದಿನ ಇರಿಸಿಕೊಳ್ಳುವುದು, ಎರಡೂ ಒಟ್ಟಿಗೆ ನಡೆಯಬೇಕು.

### ದಾಖಲೆ ಮತ್ತು ವಿಚಾರಣೆ

ಕೂಸು ಹುಟ್ಟಿ ಒಂದು ಗಂಟೆಗೇ ಹೋಯಿತು. ಅದಕ್ಕೂ ನೋಂದಣಿ ಬೇಕಾ?

ಬೇಕು, ಎರಡು: ಜನನ ಒಂದು, ಮರಣ ಒಂದು. ಒಮ್ಮೆ ಉಸಿರಾಡಿದರೂ, ಎದೆ ಬಡಿದರೂ ಅದು ಜೀವಂತ ಜನನವೇ. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯೇ ವರದಿ ಮಾಡಬೇಕು, ಮನೆಯಲ್ಲಾದರೆ ಮನೆಯ ಹಿರಿಯರು. 21 ದಿನದೊಳಗೆ ಶುಲ್ಕವಿಲ್ಲ, 30 ದಿನದವರೆಗೆ ತಡದ ಶುಲ್ಕ, ಆಮೇಲೆ ಅಧಿಕಾರಿಯ ಅನುಮತಿ ಬೇಕು. ಇಂಥ ಸಾವನ್ನು 'ಸತ್ತು ಹುಟ್ಟಿದ್ದು' ಎಂದು ಬರೆದುಬಿಟ್ಟರೆ ವಿಚಾರಣೆ ತಪ್ಪುತ್ತದೆ, ಅಂಕಿಯೂ ಚಂದ ಕಾಣುತ್ತದೆ. ಕೂಸು ಅತ್ತಿತ್ತು ಎಂದಾದರೆ ಹಾಗೆ ಬರೆಯಲು ಬಿಡಬೇಡಿ.

ನಾನು ಪಂಚಾಯಿತಿ ಸದಸ್ಯೆ. ನಮ್ಮೂರಿನ ಪ್ರಮಾಣ ಲೆಕ್ಕ ಹಾಕೋದು ಹೇಗೆ?

ಹಾಕಬೇಡಿ. ವರ್ಷಕ್ಕೆ 40 ಹೆರಿಗೆಯ ಊರಿನಲ್ಲಿ ಒಂದು ಸಾವಾದರೆ 25, ಆಗದಿದ್ದರೆ ಸೊನ್ನೆ. ಆ ಏರಿಳಿತಕ್ಕೆ ಅರ್ಥವಿಲ್ಲ. ಬದಲಿಗೆ ಮೂರು ವರ್ಷದ ಪ್ರತಿ ಸಾವನ್ನೂ ಒಂದು ಸಾಲಿನಲ್ಲಿ ಬರೆಯಿರಿ: ಹುಟ್ಟಿದ ತೂಕ, ಎಷ್ಟನೇ ದಿನ, ತಾಯಿಯ ವಯಸ್ಸು, ಹಿಂದಿನ ಮಗುವಿಗೆ ಎಷ್ಟು ಅಂತರ, ಮನೆ ಯಾವ ಕೇರಿ. ಪಕ್ಕದಲ್ಲಿ ಗಂಟೆಗಳ ಲೆಕ್ಕ: ಕಾಯಿಲೆ ಗೊತ್ತಾದದ್ದರಿಂದ ಹೊರಡುವ ತೀರ್ಮಾನದವರೆಗೆ, ಹೊರಟು ಆಸ್ಪತ್ರೆ ಮುಟ್ಟುವವರೆಗೆ, ಮುಟ್ಟಿ ಚಿಕಿತ್ಸೆ ಶುರುವಾಗುವವರೆಗೆ. ಯಾವ ಕಾಲಮ್ಮಿನಲ್ಲಿ ಗಂಟೆ ಹೆಚ್ಚಿದೆಯೋ ಕೆಲಸ ಅಲ್ಲಿದೆ.

ಐದು ವರ್ಷದೊಳಗಿನ ಪ್ರತಿ ಸಾವಿನ ಪರಿಶೀಲನೆಗೆ 2014ರಿಂದ ಮಾರ್ಗಸೂಚಿ ಇದೆ. ಆದರೆ ಅದು ಎಷ್ಟೋ ಕಡೆ ನಮೂನೆ ತುಂಬಿಸುವುದರಲ್ಲೇ ಮುಗಿಯುತ್ತದೆ. ತಾಯಿಯನ್ನು ಮಾತಾಡಿಸಲು ಹೋಗುವವರು ಜೀಪು, ಫೈಲು, ನಾಲ್ಕು ಜನ ಎಂದು ದಂಡು ಕಟ್ಟಿಕೊಂಡು ಹೋಗಬಾರದು. ಒಬ್ಬಿಬ್ಬರು ಸಾಕು, ಹತ್ತಿರ ಕೂತು ಕೇಳಬೇಕು. 'ನೀನು ಯಾಕೆ ತಡ ಮಾಡಿದೆ' ಎಂಬ ಮೊದಲ ಪ್ರಶ್ನೆಗೆ ಮುಂದಿನ ಎಲ್ಲ ಉತ್ತರಗಳೂ ಮುಚ್ಚಿಹೋಗುತ್ತವೆ. 'ಆ ದಿನ ಬೆಳಗ್ಗೆ ಕೂಸು ಹೇಗಿತ್ತಮ್ಮ' ಎಂದು ಶುರು ಮಾಡಿ. ಬಂದ ಸಾಲುಗಳನ್ನು ಹೆಸರು ತೆಗೆದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿಡಿ. ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ. ರಾತ್ರಿ ಹೊತ್ತು 108 ತಾಂಡಾದ ತಿರುವಿನವರೆಗೆ ಮಾತ್ರ ಬರುತ್ತದೆ ಎಂದಾದರೆ, ಆ ತಿರುವಿನವರೆಗಿನ ಆಟೊ ಬಾಡಿಗೆಗೆ ಅಷ್ಟು ಸಾಕು.